ಕಣ್ಣಿಗಿಂತ ಬಿಸಿಯಾದ ಊರು

ಬಸ್ಸು ಅಥಣಿ ಬಿಟ್ಟು ತೆಲಸಂಗ ದಾಟಿತ್ತು. ಮೇ ತಿಂಗಳು, ಮಧ್ಯಾಹ್ನ ಎರಡರ ಸುಮಾರು. ಕಿಟಕಿ ತೆಗೆದರೆ ಒಲೆಯ ಮುಂದೆ ಕೂತಂಗೆ ಗಾಳಿ, ಮುಚ್ಚಿದರೆ ಒಲೆಯೊಳಗೇ ಕೂತಂಗೆ. ನೀರು ಕುಡಿಯೋಣ ಅಂತ ಬ್ಯಾಗಿಗೆ ಕೈ ಹಾಕಿದಾಗ ಬಾಟಲಿಯ ಜೊತೆ ಒಂದು ಸಣ್ಣ ಗಾಜಿನ ಶೀಸೆಯೂ ಕೈಗೆ ಬಂತು. ಬೆಳಗಾವಿಯಲ್ಲಿ ಬೆಳಿಗ್ಗೆ ಲ್ಯಾಬಿನಿಂದ ಎತ್ತಿಕೊಂಡಾಗ ಅದರೊಳಗಿದ್ದದ್ದು ನೀರಿನಂಥ ತಿಳಿ ದ್ರವ. ಈಗ ಶೀಸೆ ಅಲ್ಲಾಡಿಸಿದೆ, ಅಲ್ಲಾಡಲಿಲ್ಲ. ತಲೆಕೆಳಗು ಹಿಡಿದೆ, ಇಳಿಯಲಿಲ್ಲ. ಗಾಜಿನ ತಳಕ್ಕೆ ಅಂಟಿಕೊಂಡು ಗಟ್ಟಿ ಕೂತಿತ್ತು.

ಪಕ್ಕದಲ್ಲಿ ಕೂತಿದ್ದ ಹಿರಿಯರು ನೋಡಿ, "ಏನ್ರೀ ಅದು, ತುಪ್ಪೇನು?" ಅಂದರು.

"ಅಲ್ರೀ, ಔಷಧ. ಗಟ್ಟಿ ಆಗಿಬಿಟ್ಟೈತಿ" ಅಂದೆ.

"ಈ ಬಿಸಲಾಗ ತುಪ್ಪನೂ ಕರಗತೈತಿ, ನಿಮ್ಮ ಔಷಧ ಹ್ಯಾಂಗ ಗಟ್ಟಿ ಆತು?"

ಅವರು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಚೆನ್ನಾಗಿಯೇ ಗೊತ್ತಿತ್ತು. ಎಂ.ಫಾರ್ಮ್ ಎರಡನೇ ವರ್ಷದ ಪ್ರಾಜೆಕ್ಟೇ ಅದು. ಆದರೆ ಆ ಉತ್ತರದ ಜೊತೆ ಇನ್ನೊಂದು ಮಾತು ಥಟ್ಟನೆ ಹೊಳೆದು, ಟಿಕೋಟಾ ಬರೋವರೆಗೂ ನನಗೆ ಬಾಯಿ ಬಿಡಲಿಕ್ಕೆ ಆಗಲಿಲ್ಲ.

ಮೊದಲು ಆ ಹಿರಿಯರ ಪ್ರಶ್ನೆ ನೋಡೋಣ. ನಮ್ಮ ಅಡುಗೆ ಮನೆಯಲ್ಲಿ ಗಟ್ಟಿಯಾಗುವ ಪದಾರ್ಥಗಳಲ್ಲಿ ಬಹಳಷ್ಟು ತಣ್ಣಗಾದಾಗ ಗಟ್ಟಿಯಾಗುವಂಥವು. ತುಪ್ಪ, ಬೆಲ್ಲದ ಪಾಕ, ರಾತ್ರಿ ಉಳಿದ ಅಂಬಲಿ, ಝುಣಕದ ವಡಿ. ಬಿಸಿ ಮಾಡಿದಾಗ ಗಟ್ಟಿಯಾಗುವುದು ಅಂದರೆ ನಮಗೆ ನೆನಪಾಗೋದು ತತ್ತಿ. ಆದರೆ ಬೇಯಿಸಿದ ತತ್ತಿಯನ್ನು ಐಸಿನಲ್ಲಿ ಇಟ್ಟರೆ ಅದು ಮತ್ತೆ ಹಸಿ ತತ್ತಿ ಆಗೋದಿಲ್ಲ. ನನ್ನ ಶೀಸೆಯಲ್ಲಿದ್ದದ್ದು ಈ ಎರಡೂ ಜಾತಿಗೆ ಸೇರದ ಮೂರನೇದು. ಬಿಸಿಯಾದರೆ ಗಟ್ಟಿ, ತಂಪಾದರೆ ಮತ್ತೆ ನೀರು. ಎಷ್ಟು ಸಲ ಬೇಕಾದರೂ ಹಿಂದಕ್ಕೂ ಮುಂದಕ್ಕೂ ಹೋಗಿ ಬರುತ್ತದೆ.

ಇದರ ಹೆಸರು ಪೊಲೊಕ್ಸಮರ್ 407. ಬಿಳಿ ಪುಡಿ. ಉದ್ದನೆಯ ಸರಪಳಿಯಂಥ ಅಣು. ಎರಡೂ ತುದಿಗಳಿಗೆ ನೀರು ಅಂದರೆ ಪ್ರೀತಿ, ನಡುವಿನ ತುಂಡಿಗೆ ನೀರು ಅಷ್ಟಕ್ಕಷ್ಟೇ. ತಂಪಿನಲ್ಲಿ ನೀರಿನ ಅಣುಗಳು ಆ ನಡುವಿನ ತುಂಡನ್ನೂ ಹೇಗೋ ಸುತ್ತುವರಿದು ಸಂಭಾಳಿಸಿಕೊಂಡಿರುತ್ತವೆ. ಬಿಸಿ ಏರಿತು ಅಂದರೆ ಆ ಸುತ್ತುವರಿದ ನೀರು ಕಳಚಿಕೊಳ್ಳುತ್ತದೆ. ಆಗ ನಡುವಿನ ತುಂಡುಗಳೆಲ್ಲ ನೀರಿನಿಂದ ಮುಖ ತಿರುಗಿಸಿ ಒಂದಕ್ಕೊಂದು ಅಂಟಿ ಸಣ್ಣ ಸಣ್ಣ ಉಂಡೆಗಳಾಗುತ್ತವೆ. ನೀರಿನ ಪ್ರೀತಿಯ ತುದಿಗಳು ಹೊರಗೆ ಕೂದಲಿನ ಹಾಗೆ ಹರಡಿರುತ್ತವೆ. ಈ ಉಂಡೆಗಳ ಸಂಖ್ಯೆ ಸಾಕಷ್ಟಾದಾಗ ಜಾತ್ರೆಯಲ್ಲಿ ಜನ ಒತ್ತಿ ನಿಂತ ಹಾಗೆ ಒಂದರ ಪಕ್ಕ ಒಂದು ಕಿಕ್ಕಿರಿದು ಯಾವುದೂ ಮಿಸುಕದಂತೆ ಆಗುತ್ತದೆ. ಅದೇ ಜೆಲ್. ಅದರೊಳಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ಬರೀ ನೀರು. ಅದಕ್ಕೇ ಹೈಡ್ರೋಜೆಲ್ ಅನ್ನೋದು. ಕಾಮಕಸ್ತೂರಿ ಬೀಜ ನೀರಿಗೆ ಹಾಕಿದಾಗ ಸುತ್ತಲೂ ಲೋಳೆ ಕಟ್ಟುತ್ತದಲ್ಲ, ಅದೂ ಹೈಡ್ರೋಜೆಲ್ಲೇ. ನಮ್ಮ ಬಾಣಂತಿಯರ ಅಳ್ವಿ ಪಾಯಸದ ಲೋಳೆಯೂ ಅದೇ ಬಳಗ. ಆದರೆ ಅವುಗಳಿಗೆ ಬಿಸಿ-ತಂಪಿನ ಈ ಹಠ ಇಲ್ಲ.

ಈ ಹಠವನ್ನೇ ನಾನು ಕೆಲಸಕ್ಕೆ ಹಚ್ಚಲಿಕ್ಕೆ ಹೊರಟಿದ್ದೆ. ಕಾರಣ ನಮ್ಮ ಆಯಿ.

ಆಯಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ, ಹಿಂದಿನ ನರ ನಿಧಾನಕ್ಕೆ ಸಾಯುವ ರೋಗ. ಪೊರೆ ಬಂದರೆ ಆಪರೇಷನ್ ಮಾಡಿ ದೃಷ್ಟಿ ವಾಪಸು ತರಬಹುದು, ಗ್ಲಾಕೋಮಾದಲ್ಲಿ ಹೋದದ್ದು ಹೋಯಿತು. ಉಳಿದದ್ದನ್ನು ಕಾಯುವುದೊಂದೇ ದಾರಿ. ವಿಜಯಪುರದ ಕಣ್ಣಿನ ಡಾಕ್ಟರು ಟಿಮೊಲಾಲ್ ಮತ್ತು ಡೋರ್ಜೋಲಮೈಡ್ ಕೂಡಿದ ಹನಿ ಬರೆದುಕೊಟ್ಟಿದ್ದರು. ದಿನಕ್ಕೆರಡು ಸಲ, ಜೀವನ ಪೂರ್ತಿ. ಎಡಗಣ್ಣು ಆಗಲೇ ಮುಗಿದಿತ್ತು. ಬಲಗಣ್ಣಲ್ಲಿ ನಡುವಿನ ಒಂದು ಕಿಂಡಿಯಷ್ಟು ಉಳಿದಿತ್ತು.

ಆಯಿ ಹನಿ ಹಾಕಿಕೊಳ್ಳುತ್ತಿರಲಿಲ್ಲ. ಹಾಕಿಕೊಂಡೆ ಅಂತ ಸುಳ್ಳು ಹೇಳುತ್ತಿದ್ದಳು. ಒಂದು ದಿನ ಜೋರು ಮಾಡಿದ್ದಕ್ಕೆ ಹೇಳಿಬಿಟ್ಟಳು: "ಕಣ್ಣಾಗ ಹಾಕಿದ್ದು ಗಂಟಲಾಗ ಬರತೈತೋ ತಮ್ಮಾ. ಬಾಯೆಲ್ಲಾ ಕಹಿ ಕಹಿ. ಅರ್ಧ ಕಪಾಳದ ಮ್ಯಾಲ ಹರಿದು ಹೋಗತೈತಿ. ಅಷ್ಟು ರೊಕ್ಕದ ಔಷಧ, ಗಲ್ಲಕ್ಕ ಹಚ್ಚಿಕೊಳ್ಳೂದಕ್ಕ ಯಾಕ ತರತೀರಿ?"

ಆಯಿ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಆದರೆ ಆ ಒಂದು ಮಾತಿನಲ್ಲಿ ನಮ್ಮ ಪಠ್ಯಪುಸ್ತಕದ ಒಂದು ಅಧ್ಯಾಯವನ್ನೇ ಹೇಳಿದ್ದಳು. ಲೆಕ್ಕ ನೋಡಿ. ಶೀಸೆಯಿಂದ ಬೀಳುವ ಒಂದು ಹನಿ 30ರಿಂದ 50 ಮೈಕ್ರೊಲೀಟರ್. ಕಣ್ಣು ರೆಪ್ಪೆ ಮಿಟುಕಿಸದೆ ಹಿಡಿದಿಟ್ಟುಕೊಳ್ಳಬಲ್ಲದ್ದು ಹೆಚ್ಚೆಂದರೆ 30. ಅದರಲ್ಲೂ ಏಳರಷ್ಟು ಕಣ್ಣೀರು ಮೊದಲೇ ಜಾಗ ಹಿಡಿದಿರುತ್ತದೆ. ಉಳಿದದ್ದು ಕಪಾಳಕ್ಕೆ, ಇಲ್ಲವೇ ಮೂಗಿನ ಬದಿಯ ಸಣ್ಣ ನಾಳದಿಂದ ಗಂಟಲಿಗೆ. ಕೆಲವೇ ನಿಮಿಷಗಳಲ್ಲಿ ಕಣ್ಣೀರು ಎಲ್ಲವನ್ನೂ ತೊಳೆದು ಹಾಕುತ್ತದೆ. ಹಾಕಿದ ಔಷಧದಲ್ಲಿ ಕಣ್ಣಿನೊಳಗೆ ಇಳಿಯುವುದು ಶೇ. 5ಕ್ಕಿಂತ ಕಡಿಮೆ. ಗಂಟಲಿಗೆ ಹೋದ ಟಿಮೊಲಾಲ್ ಸುಮ್ಮನೆ ಹೋಗುವುದೂ ಇಲ್ಲ, ರಕ್ತಕ್ಕೆ ಸೇರಿ ಹೃದಯದ ಬಡಿತ ನಿಧಾನ ಮಾಡುತ್ತದೆ. ಉಬ್ಬಸ ಇದ್ದವರಿಗೆ ಉಸಿರು ಕಟ್ಟಿಸುತ್ತದೆ.

ಹಾಗಾದರೆ ಹನಿ ಬೀಳುವಾಗ ನೀರಿನ ಹಾಗೆ ಬಿದ್ದು, ಕಣ್ಣಿಗೆ ತಾಗಿದ ಕೂಡಲೇ ಅಲ್ಲೇ ಜೆಲ್ ಆಗಿ ಕೂತುಬಿಟ್ಟರೆ? ಕಣ್ಣಿನ ಮೇಲ್ಮೈಯ ಬಿಸಿ ಸುಮಾರು 34-35 ಡಿಗ್ರಿ. ಕೋಣೆಯ ಬಿಸಿ 25 ಅಂತ ಪುಸ್ತಕ ಹೇಳುತ್ತದೆ. 25ರಲ್ಲಿ ನೀರು, 34ರಲ್ಲಿ ಜೆಲ್. ಈ ಒಂಬತ್ತು ಡಿಗ್ರಿಯ ಅಂತರದಲ್ಲಿ ನನ್ನ ಪ್ರಾಜೆಕ್ಟು ನಿಂತಿತ್ತು.

ಇದು ನನ್ನ ತಲೆಯಿಂದ ಹುಟ್ಟಿದ ವಿಚಾರ ಏನಲ್ಲ. ಕಣ್ಣಿಗೂ ಹೈಡ್ರೋಜೆಲ್ಲಿಗೂ ಹಳೆಯ ಸಂಬಂಧ. ಚೆಕೊಸ್ಲೊವಾಕಿಯಾದ ಒಟ್ಟೋ ವಿಖ್ಟರ್ಲೆ 1960ರಲ್ಲಿ ತಮ್ಮ ಸಹೋದ್ಯೋಗಿ ಲಿಮ್ ಜೊತೆ ದೇಹಕ್ಕೆ ಒಗ್ಗುವ ಜೆಲ್ ಬಗ್ಗೆ ಬರೆದರು. ಮರುವರ್ಷ ಕ್ರಿಸ್‌ಮಸ್ ಹೊತ್ತಿಗೆ ತಮ್ಮ ಮನೆಯ ಅಡುಗೆ ಕೋಣೆಯಲ್ಲಿ, ಮಕ್ಕಳ ಆಟಿಕೆಯ ಲೋಹದ ಪಟ್ಟಿಗಳನ್ನು ಜೋಡಿಸಿ ಮಾಡಿದ ಯಂತ್ರದಲ್ಲಿ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ತೆಗೆದರು. 1978ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಜಪಾನಿನ ತೊಯೊಇಚಿ ತನಾಕಾ, ಒಂದು ಜೆಲ್ ಸ್ವಲ್ಪವೇ ಬದಲಾದ ಬಿಸಿಗೆ ಇದ್ದಕ್ಕಿದ್ದಂತೆ ಕುಗ್ಗಿಹೋಗುವುದನ್ನು ತೋರಿಸಿದರು. ನಮ್ಮ ಕಡೆಯೂ ಈ ಕೆಲಸ ಕಡಿಮೆ ಇಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಪ್ರೊ. ತೇಜರಾಜ ಅಮೀನಭಾವಿ ಅವರು ಪಾಲಿಮರಿನಿಂದ ಔಷಧ ನಿಧಾನಕ್ಕೆ ಬಿಡಿಸುವ ಕೆಲಸದಲ್ಲಿ ದೊಡ್ಡ ಹೆಸರು. 1910ರಲ್ಲಿ ಫ.ಗು. ಹಳಕಟ್ಟಿಯವರು ಕಟ್ಟಿದ ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯ ಫಾರ್ಮಸಿ ಕಾಲೇಜಿನಿಂದಲೂ ಕರೆಂಟು ಹಾಯಿಸಿದರೆ ಔಷಧ ಬಿಡುವ ಜೆಲ್‌ಗಳ ಬಗ್ಗೆ ಪ್ರಬಂಧಗಳು ಬಂದಿವೆ. ಅಂದರೆ ನಾನು ಹೊರಟದ್ದು ತುಳಿದ ದಾರಿಯಲ್ಲೇ.

ನಾನು ಮೊದಲು ಆಸೆಪಟ್ಟದ್ದು ಈ ಜಾತಿಯ ಪ್ರಸಿದ್ಧ ಪಾಲಿಮರ್ ಮೇಲೆ. ಹೆಸರು ಪಾಲಿ ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್, ಎಲ್ಲರೂ ಪಿನಿಪಾಮ್ ಅಂತಾರೆ. ಸರಿಯಾಗಿ 32 ಡಿಗ್ರಿ ಆಸುಪಾಸಿನಲ್ಲಿ ಮನಸ್ಸು ಬದಲಿಸುತ್ತದೆ. ಅದರ ಸರಪಳಿಗಳನ್ನು ಒಂದಕ್ಕೊಂದು ಹೆಣೆದು ಜೆಲ್ ಮಾಡಿದರೆ ತಂಪಿನಲ್ಲಿ ನೀರು ಕುಡಿದು ಊದಿಕೊಂಡಿರುತ್ತದೆ, ಬಿಸಿಗೆ ನೀರು ಕಕ್ಕಿ ಕುಗ್ಗುತ್ತದೆ. ಆದರೆ ಅದನ್ನು ಮಾಡುವಾಗ ಪಾಲಿಮರ್ ಆಗದೇ ಉಳಿದ ಬಿಡಿ ಅಣುಗಳು ವಿಷ. ದಿನಗಟ್ಟಲೆ ನೀರು ಬದಲಿಸಿ ಬದಲಿಸಿ ತೊಳೆಯಬೇಕು. ಬೆಲೆಯೂ ನಮ್ಮ ಕೈಗೆ ನಿಲುಕುವಂಥದ್ದಲ್ಲ. ಗೈಡ್ ಸರ್ "ಪೊಲೊಕ್ಸಮರ್ ತಗೋ, ವರ್ಷದಾಗ ಮುಗೀತೈತಿ" ಅಂದರು. ತಗೊಂಡೆ.

ಮಾಡುವ ವಿಧಾನ ಕೇಳಿದರೆ ನಗು ಬರುತ್ತದೆ. ಔಷಧ ಕರಗಿಸಬೇಕು ಅಂದರೆ ನಾವು ಬಿಸಿ ಮಾಡುತ್ತೇವೆ, ಇಲ್ಲಿ ತಂಪು ಮಾಡಬೇಕು. ನೀರನ್ನು 4-5 ಡಿಗ್ರಿಗೆ ಇಳಿಸಿ, ಐಸಿನ ಬುಟ್ಟಿಯಲ್ಲಿ ಇಟ್ಟು, ಕದಡುತ್ತಾ ಕದಡುತ್ತಾ ಪುಡಿಯನ್ನು ಚೂರು ಚೂರೇ ಉದುರಿಸಬೇಕು. ಅವಸರ ಮಾಡಿದರೆ ಜೋಳದ ಹಿಟ್ಟಿನಂತೆ ಗಂಟು ಕಟ್ಟುತ್ತದೆ. ಆಮೇಲೆ ಫ್ರಿಜ್ಜಿನಲ್ಲಿ ಒಂದು ರಾತ್ರಿ. ಬೆಳಿಗ್ಗೆ ಗುಳ್ಳೆ, ಗಂಟು ಇಲ್ಲದೆ ತಿಳಿಯಾಗಿದ್ದರೆ ಗೆದ್ದಂತೆ.

ಪರೀಕ್ಷೆ ಅದಕ್ಕಿಂತ ಸರಳ. ಎರಡು ಮಿಲಿಲೀಟರ್ ದ್ರವವನ್ನು ಶೀಸೆಯಲ್ಲಿ ಹಾಕಿ, ನೀರಿನ ತೊಟ್ಟಿಯಲ್ಲಿ ಇಳಿಬಿಡಬೇಕು. ತೊಟ್ಟಿಯ ಬಿಸಿಯನ್ನು ಒಂದೊಂದೇ ಡಿಗ್ರಿ ಏರಿಸುತ್ತಾ, ಪ್ರತಿ ಸಲ ಕೆಲ ನಿಮಿಷ ಕಾಯ್ದು ಶೀಸೆ ವಾಲಿಸಬೇಕು. ದ್ರವ ವಾಲಿದರೆ ಇನ್ನೂ ಆಗಿಲ್ಲ. ಶೀಸೆ ಅಡ್ಡ ಮಲಗಿಸಿದರೂ ಮಿಸುಕದೆ ನಿಂತರೆ ಆ ಡಿಗ್ರಿ ಬರೆದುಕೊಳ್ಳುವುದು. ಪಾಲಿಮರ್ ಶೇ. 20 ಹಾಕಿದರೆ ಕೋಣೆಯಲ್ಲೇ ಗಟ್ಟಿ. ಶೇ. 15ಕ್ಕೆ ಇಳಿಸಿದರೆ ಕಣ್ಣೀರು ಕೂಡಿದ ಮೇಲೆ ಎಷ್ಟು ಬಿಸಿ ಮಾಡಿದರೂ ನೀರು ನೀರೇ. ಕಣ್ಣೀರಿನ ಆಟ ಇದರಲ್ಲಿ ದೊಡ್ಡದು. ಹಾಗಾಗಿ ಕೃತಕ ಕಣ್ಣೀರನ್ನೂ ಮಾಡಿಕೊಳ್ಳಬೇಕು. 100 ಮಿಲಿಲೀಟರ್ ನೀರಿಗೆ ಉಪ್ಪು 0.67 ಗ್ರಾಂ, ಅಡುಗೆ ಸೋಡಾ 0.2 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 0.008 ಗ್ರಾಂ. ಮನುಷ್ಯನ ಅಳು ಇಷ್ಟೇ ಸಾಮಾನು ಅಂತ ಆವತ್ತು ಆಶ್ಚರ್ಯಪಟ್ಟಿದ್ದೆ. 40 ಪಾಲು ಔಷಧಕ್ಕೆ 7 ಪಾಲು ಈ ಕಣ್ಣೀರು ಬೆರೆಸಿ ಮತ್ತೆ ಪರೀಕ್ಷೆ. ತೆಳುವಾದ ಜೆಲ್ ಗಟ್ಟಿಯಾಗಲಿಕ್ಕೆ ಇನ್ನಷ್ಟು ಬಿಸಿ ಕೇಳುತ್ತದೆ.

ಶೇ. 18ರ ಆಚೀಚೆ ಆಡಿ, ಅದರ ತಮ್ಮನಂತಿರುವ ಪೊಲೊಕ್ಸಮರ್ 188 ಒಂದಿಷ್ಟು ಕೂಡಿಸಿ, ಮೂರು ತಿಂಗಳಿಗೆ ನನ್ನ ಹದ ಸಿಕ್ಕಿತು. ಶೀಸೆಯಲ್ಲಿದ್ದಾಗ 28ಕ್ಕೆ ಜೆಲ್, ಕಣ್ಣೀರು ಕೂಡಿದರೆ 33-34ಕ್ಕೆ. ಕೋಣೆಯಲ್ಲಿ ನೀರು, ಕಣ್ಣಲ್ಲಿ ಜೆಲ್. ಖುಷಿಗೆ ಒಂದು ಶೀಸೆ ಬ್ಯಾಗಿಗೆ ಹಾಕಿಕೊಂಡು, ಆಯಿಗೆ ತೋರಿಸಬೇಕು ಅಂತ ಊರಿನ ಬಸ್ಸು ಹತ್ತಿದ್ದೆ. ಔಷಧ ಇರಲಿಲ್ಲ ಅದರಲ್ಲಿ, ಬರೀ ಜೆಲ್.

ನನ್ನ ಲ್ಯಾಬಿನಲ್ಲಿ ಏಸಿ ಇತ್ತು ಅನ್ನೋದು ಬಸ್ಸಿನಲ್ಲಿ ನೆನಪಾಯಿತು.

ಮನೆಗೆ ಹೋದಾಗ ಕರೆಂಟು ಇರಲಿಲ್ಲ. ಆಯಿ ಪಡಸಾಲೆಯಲ್ಲಿ ಬೀಸಣಿಕೆ ಹಿಡಿದು ಕೂತಿದ್ದಳು. ಶೀಸೆ ಕೈಗೆ ಕೊಟ್ಟೆ. ಮುಟ್ಟಿ ನೋಡಿ, "ಬಿಸಿ ಐತಲ್ಲೋ. ಹರವಿ ಹಂತ್ಯಾಕ ಇಡು, ತಂಪಾಗಲಿ" ಅಂದಳು. ಹರವಿಗೆ ಒದ್ದೆ ಅರಿವೆ ಸುತ್ತಿತ್ತು. ಶೀಸೆಯನ್ನು ಆ ಅರಿವೆಯೊಳಗೆ ಸಿಗಿಸಿಟ್ಟು ಊಟಕ್ಕೆ ಕೂತೆ. ಊಟ ಮುಗಿಸಿ ಬಂದು ಎತ್ತಿದರೆ ಒಳಗಿನದು ಸಳಸಳ ನೀರು!

ಬ್ಯಾಗಿನಲ್ಲಿದ್ದ ಥರ್ಮಾಮೀಟರ್ ತೆಗೆದು ಹರವಿಯ ನೀರಿಗೆ ಅದ್ದಿದೆ. 26. ಪಡಸಾಲೆಯ ಗೋಡೆಗೆ ಹಿಡಿದೆ. 39. ನಮ್ಮ ಸೀಮೆಯ ಬೇಸಿಗೆ ಒಣ ಬೇಸಿಗೆ. ನೀರು ಆರುವ ವೇಗಕ್ಕೆ ಹರವಿ ಹದಿಮೂರು ಡಿಗ್ರಿ ಕೆಳಗೆ ಕೂತಿತ್ತು.

ಆವತ್ತಿನಿಂದ ನನಗೊಂದು ಹುಚ್ಚು ಹಿಡಿಯಿತು. ರಜೆಯ ಎರಡು ವಾರ ಥರ್ಮಾಮೀಟರ್ ಹಿಡಿದು ತಿರುಗಿದೆ. ವಿಜಯಪುರದಲ್ಲಿ ಅಣ್ಣನ ಬಾಡಿಗೆ ಕೋಣೆ, ಮೇಲೆ ಸ್ಲ್ಯಾಬು, ಫ್ರಿಜ್ಜಿಲ್ಲ. ಮಧ್ಯಾಹ್ನ ಮೂರಕ್ಕೆ 41, ರಾತ್ರಿ ಹತ್ತಕ್ಕೂ 36. ಹಗಲೆಲ್ಲ ಕುಡಿದ ಬಿಸಿಲನ್ನು ಸ್ಲ್ಯಾಬು ರಾತ್ರಿ ನಮ್ಮ ಮೇಲೆ ಸುರಿಯುತ್ತದೆ. ಬಬಲೇಶ್ವರದಲ್ಲಿ ಅಕ್ಕನ ಮನೆ ಹತ್ತಿರದ ಒಂದು ಔಷಧ ಅಂಗಡಿಯಲ್ಲಿ ಫ್ರಿಜ್ಜಿತ್ತು. ಆದರೆ ಕರೆಂಟು ಹೋಗಿ ಆಗಲೇ ಬಹಳ ಹೊತ್ತಾಗಿತ್ತು. ಒಳಗೆ 19. ಅದರೊಳಗೆ ಇನ್ಸುಲಿನ್ನೂ ಇತ್ತು, 2ರಿಂದ 8 ಡಿಗ್ರಿಯಲ್ಲಿ ಇಡಿ ಅಂತ ಬರೆದ ಕಣ್ಣಿನ ಹನಿಗಳೂ ಇದ್ದವು. ಅಂಗಡಿಯಾತ ಕೆಟ್ಟವನಲ್ಲ. "ಏನ್ ಮಾಡೂಣ್ರೀ, ಜನರೇಟರ್ ಇಟ್ಟರ ಲಾಭ ಎಲ್ಲಾ ಡೀಸೆಲ್ಲಿಗೇ ಹೊಕ್ಕೈತಿ" ಅಂದ. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಟಿಕೋಟಾದಲ್ಲಿ ಚೆನ್ನಾಗಿ ತಂಪಾಗಿದ್ದದ್ದು ಯಾವುದು ಗೊತ್ತೇನು? ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜು. ಮಾಮನ ಒಣದ್ರಾಕ್ಷಿ ಡಬ್ಬಿಗಳು ಅಲ್ಲಿದ್ದವು, ಅವನ ಜೊತೆ ಹೋಗಿ ಬಾಗಿಲಲ್ಲಿ ನಿಂತೆ. ಮೈಯೆಲ್ಲ ಜುಮ್ಮೆಂದಿತು. ನಮ್ಮೂರಲ್ಲಿ ದ್ರಾಕ್ಷಿಗೆ ಸಿಗುವ ತಂಪು ಆಯಿಯ ಔಷಧಕ್ಕೆ ಸಿಗೋದಿಲ್ಲ ಅಂತ ಅನ್ನಿಸಿದ್ದು ಅಲ್ಲೇ.

ಮಾಮನಿಗೆ ನನ್ನ ಜೆಲ್ ಪುರಾಣ ಹೇಳಿದರೆ ಅವನು ತನ್ನದೇ ಒಂದು ಜೆಲ್ ಕತೆ ತೆಗೆದ. ಹೊಲದ ಮಣ್ಣಿಗೆ ಹಾಕುವ ಪುಡಿಯಂತೆ, ನೀರು ಕುಡಿದು ಊದಿಕೊಂಡು ಬೇರಿಗೆ ನಿಧಾನ ಕೊಡುತ್ತದಂತೆ, ಹೌದಾ ಅಂತ. ಹೌದು. ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಮಾಡಿದ ಪೂಸಾ ಹೈಡ್ರೋಜೆಲ್ ಅದು. ತನ್ನ ತೂಕದ 350 ಪಟ್ಟಿಗಿಂತ ಹೆಚ್ಚು ನೀರು ಹಿಡಿಯುತ್ತದೆ. ಅದರ ಬಗ್ಗೆ ಆ ರಾತ್ರಿ ಓದುತ್ತಾ ಕೂತಾಗ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. ಅದು ಅತಿ ಹೆಚ್ಚು ನೀರು ಹೀರುವುದು 40ರಿಂದ 50 ಡಿಗ್ರಿಯಲ್ಲಿ. ಅಂದರೆ ಬೇಸಿಗೆಯ ನಮ್ಮಂಥ ಹೊಲದ ಮಣ್ಣಿನ ಬಿಸಿಯಲ್ಲಿ. ಅದನ್ನು ಮಾಡಿದವರು ಮೊದಲು ಹೊಲದ ಬಿಸಿ ನೋಡಿದ್ದರು, ಆಮೇಲೆ ಜೆಲ್ ಮಾಡಿದ್ದರು. ನಾನು ಪುಸ್ತಕದ 25 ಡಿಗ್ರಿ ನೋಡಿ ಜೆಲ್ ಮಾಡಿದ್ದೆ.

ಬಸ್ಸಿನಲ್ಲಿ ಹೊಳೆದು ಬಾಯಿ ಕಟ್ಟಿಸಿದ ಮಾತು ಇದೇ. ನನ್ನ ಜೆಲ್ ನಡೆಯಬೇಕಾದರೆ ಶೀಸೆ ತಂಪಿರಬೇಕು, ಕಣ್ಣು ಬಿಸಿ ಇರಬೇಕು. ಮೇ ತಿಂಗಳ ವಿಜಯಪುರದಲ್ಲಿ ಕೋಣೆ 40, ಕಣ್ಣು 35. ಕಣ್ಣೇ ತಂಪು, ಕೋಣೆಯೇ ಬಿಸಿ! ಪಾಲಿಮರ್ ಶೇ. 18 ಇರಲಿ, 16 ಇರಲಿ, ಏನು ಕೂಡಿಸಿದರೂ ಏನು ಕಳೆದರೂ 40ರಲ್ಲಿ ನೀರಾಗಿದ್ದು 35ರಲ್ಲಿ ಗಟ್ಟಿಯಾಗುವ ಪೊಲೊಕ್ಸಮರ್ ಮಾಡಲಿಕ್ಕೆ ಬರುವುದಿಲ್ಲ. ಇದು ಹದ ತಪ್ಪಿದ್ದಲ್ಲ, ದಿಕ್ಕೇ ತಪ್ಪಿದ್ದು.

ಹರವಿ ಇದೆಯಲ್ಲ ಅಂತೀರಿ. ನಾನೂ ಹಾಗೇ ಸಮಾಧಾನ ಮಾಡಿಕೊಂಡಿದ್ದೆ. ಮೇ ಕೊನೆಯ ವಾರ ಮೋಡ ಕಟ್ಟಿತು. ಮಳೆ ಬರಲಿಲ್ಲ, ಬರೀ ಕುದಿ. ಗಾಳಿಯಲ್ಲಿ ಪಸೆ ಏರಿದ ಮೇಲೆ ಹರವಿಯ ಅರಿವೆ ಆರುವುದು ನಿಂತಿತು. ನೀರು 30 ಡಿಗ್ರಿ. ಸಿಗಿಸಿಟ್ಟ ಶೀಸೆ ಮತ್ತೆ ಗಟ್ಟಿ.

ಗೈಡ್ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸಮಾಧಾನದಿಂದ ಕೇಳಿದರು. "ನೋಡಪಾ, ಟೈಟಲ್ ರಿಜಿಸ್ಟರ್ ಆಗೈತಿ. ತಂಪಾದ ಜಾಗದಲ್ಲಿ ಇಡಿ ಅಂತ ಒಂದು ಸಾಲು ಬರಿ. ಎಲ್ಲಾರೂ ಹಂಗೇ ಬರೀತಾರ" ಅಂದರು. ಬರೆದೆ. ಕಟ್ಟು ಮಾಡಿಸಿ ಕೊಟ್ಟೆ. ಪರೀಕ್ಷಕರು ಗ್ರಾಫುಗಳ ಬಗ್ಗೆ ಕೇಳಿದರು, ದಪ್ಪದ ಅಳತೆಯ ಬಗ್ಗೆ ಕೇಳಿದರು, 37 ಡಿಗ್ರಿಯಲ್ಲಿ ಔಷಧ ಎಷ್ಟು ಗಂಟೆ ನಿಧಾನಕ್ಕೆ ಬಿಟ್ಟಿತು ಅಂತ ಕೇಳಿದರು. ತಂಪಾದ ಜಾಗ ಎಲ್ಲಿದೆ ಅಂತ ಯಾರೂ ಕೇಳಲಿಲ್ಲ. ಪಾಸಾದೆ.

ಅವರನ್ನು ದೂರಲಿಕ್ಕೆ ಇದನ್ನು ಬರೆಯುತ್ತಿಲ್ಲ. ಆ ಸಾಲು ಬರೆದವನು ನಾನೇ. ಬರೆಯುವಾಗ ಬಬಲೇಶ್ವರದ ಆ ಫ್ರಿಜ್ಜು ಕಣ್ಣ ಮುಂದೆ ಇತ್ತು. ಆದರೂ ಬರೆದೆ.

ಆಮೇಲೆ ಓದುತ್ತಾ ಹೋದಂತೆ ಒಂದು ತಿಳಿಯಿತು. ಕಣ್ಣಿನಲ್ಲಿ ಜೆಲ್ ಆಗಲಿಕ್ಕೆ ಬಿಸಿಯೇ ಬೇಕು ಅಂತಿಲ್ಲ. ಜೆಲ್ಲಾನ್ ಅಂತ ಒಂದು ಅಂಟು ಇದೆ, ಸೂಕ್ಷ್ಮಜೀವಿಗಳಿಂದ ತೆಗೆಯುವಂಥದ್ದು. ಅದಕ್ಕೆ ಉಪ್ಪು ತಾಗಿದರೆ ಗಟ್ಟಿಯಾಗುತ್ತದೆ. ಕಣ್ಣೀರಿನಲ್ಲಿ ಉಪ್ಪು ಎಲ್ಲ ಊರಲ್ಲೂ ಅಷ್ಟೇ ಇರುತ್ತದೆ, ಬೆಳಗಾವಿಯಲ್ಲೂ ವಿಜಯಪುರದಲ್ಲೂ. ಈ ಅಂಟಿನಲ್ಲಿ ಮಾಡಿದ ಟಿಮೊಲಾಲ್ ಹನಿ ಎಷ್ಟೋ ವರ್ಷಗಳ ಹಿಂದೆಯೇ ಹೊರದೇಶದ ಮಾರುಕಟ್ಟೆಗೆ ಬಂದಿತ್ತು, ದಿನಕ್ಕೆ ಒಂದೇ ಸಲ ಹಾಕಿದರೆ ಸಾಕು. ಬಿಸಿಯ ಬೆನ್ನು ಹತ್ತುವ ಮೊದಲು ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಒಂದೇ: ಆಯಿಯ ಮನೆಯಲ್ಲಿ ಬದಲಾಗದೇ ಇರುವಂಥದ್ದು ಯಾವುದು? ಬಿಸಿ ಬದಲಾಗುತ್ತದೆ, ಕರೆಂಟು ಬದಲಾಗುತ್ತದೆ. ಕಣ್ಣೀರಿನ ಉಪ್ಪು ಬದಲಾಗುವುದಿಲ್ಲ.

ಇನ್ನು ಆಯಿಯ ವಿಷಯ. ಆ ರಜೆಯಲ್ಲಿ ಅವಳು ಒಂದು ದಿನ ಕೇಳಿದಳು: "ನೀ ಮಾಡಿದ ಔಷಧ ನನ್ನ ಕಣ್ಣಾಗ ಹಾಕಲ್ಲ? ನೀನ ಮಾಡಿದ್ದು, ಕೆಟ್ಟಾಗೂದಿಲ್ಲ."

ಹಾಕಲಿಲ್ಲ. ಹಾಕುವಂತಿರಲಿಲ್ಲ. ಶೀಸೆಯಲ್ಲಿ, ತೊಟ್ಟಿಯಲ್ಲಿ, ಕಸಾಯಿಖಾನೆಯಿಂದ ತಂದ ಮೇಕೆಯ ಕಣ್ಣಿನ ಪರದೆಯ ಮೇಲೆ ಮಾಡಿದ ಪರೀಕ್ಷೆಯಿಂದ ಮನುಷ್ಯರ ಕಣ್ಣಿಗೆ ಬರಲಿಕ್ಕೆ ಇನ್ನೂ ಎಷ್ಟೋ ಮೆಟ್ಟಿಲು ಇವೆ. ಅದನ್ನು ಅವಳಿಗೆ ತಿಳಿಸಿ ಹೇಳುವುದು ಹೇಗೆ ಅಂತ ಗೊತ್ತಾಗದೆ, "ಇನ್ನಾ ಆಗಿಲ್ಲ ಆಯಿ" ಅಂದೆ. "ಆಗಲಿ ಬಿಡು, ನಾ ಎಲ್ಲಿ ಹೊಕ್ಕೀನಿ" ಅಂದಳು.

ಮರುವಾರ ಅವಳನ್ನು ವಿಜಯಪುರಕ್ಕೆ ತಪಾಸಣೆಗೆ ಕರೆದುಕೊಂಡು ಹೋದೆ. ಹನಿ ಗಂಟಲಿಗೆ ಇಳಿಯುವ ವಿಷಯ ಡಾಕ್ಟರಿಗೆ ಹೇಳಿದೆ. ಅವರು ಆಯಿಯ ತೋರುಬೆರಳು ಹಿಡಿದು ಬಲಗಣ್ಣಿನ ಒಳಮೂಲೆಗೆ, ಮೂಗಿನ ಬದಿಗೆ ಒತ್ತಿಸಿದರು. "ಅಜ್ಜೀ, ಹನಿ ಹಾಕಿದ ಕೂಡಲೆ ಕಣ್ಣು ಮುಚ್ಚಿ ಇಲ್ಲಿ ಒತ್ತಿ ಹಿಡೀರಿ. ಎರಡು-ಮೂರು ನಿಮಿಷ. ಒಂದೇ ಹನಿ, ಎರಡು ಬ್ಯಾಡ." ಅಷ್ಟೇ. ಕಣ್ಣಿನಿಂದ ಗಂಟಲಿಗೆ ಹೋಗುವ ನಾಳದ ಬಾಯಿ ಅಲ್ಲಿದೆ. ಅದನ್ನು ಬೆರಳಿಂದ ಮುಚ್ಚಿದರೆ ಹನಿ ಕಣ್ಣಲ್ಲೇ ನಿಲ್ಲುತ್ತದೆ, ಕಹಿಯೂ ಇಳಿಯುವುದಿಲ್ಲ. ನಾನು ಒಂದು ವರ್ಷ ಐಸಿನ ಬುಟ್ಟಿಯಲ್ಲಿ ಹುಡುಕಿದ್ದರಲ್ಲಿ ಒಂದು ಪಾಲು ಅವಳ ಬೆರಳಿನ ತುದಿಯಲ್ಲೇ ಇತ್ತು. ನಾನು ಓದಿದ ಪುಸ್ತಕದಲ್ಲೂ ಅದು ಇತ್ತು. ಪ್ರಾಜೆಕ್ಟಿಗೆ ಬರುವಂಥದ್ದಲ್ಲ ಅಂತ ದಾಟಿ ಹೋಗಿದ್ದೆ.

ಮೂರು ನಿಮಿಷ ಎಷ್ಟು ಅಂತ ಆಯಿಗೆ ಗಡಿಯಾರ ನೋಡಲಿಕ್ಕೆ ಬರುತ್ತಿರಲಿಲ್ಲ. ಅವಳೇ ಒಂದು ದಾರಿ ಮಾಡಿಕೊಂಡಳು. ಕಣ್ಣು ಮುಚ್ಚಿ, ಬೆರಳು ಒತ್ತಿ, ಮಕ್ಕಳು ಮೊಮ್ಮಕ್ಕಳು ಮರಿಮಕ್ಕಳ ಹೆಸರನ್ನೆಲ್ಲ ಒಬ್ಬೊಬ್ಬರದೇ ಹೇಳುತ್ತಾ ಹೋಗುವುದು. ಮೊದಲು ಟಿಕೋಟಾದವರು, ಆಮೇಲೆ ಬಬಲೇಶ್ವರದವರು, ಕೊನೆಗೆ ವಿಜಯಪುರದವರು. ಎಲ್ಲರೂ ಮುಗಿದರೆ ಬೆರಳು ತೆಗೆಯುವುದು. ಹನಿಯ ಶೀಸೆಯನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಹರವಿಯ ಪಕ್ಕದ ತಂಪಿನ ಮೂಲೆಯಲ್ಲಿ ಇಡುತ್ತಿದ್ದಳು.

ಆಮೇಲೆ ಐದು ವರ್ಷ ಇದ್ದಳು. ಎಡಗಣ್ಣು ಬರಲಿಲ್ಲ, ಬರುವುದೂ ಇರಲಿಲ್ಲ. ಬಲಗಣ್ಣಿನ ಕಿಂಡಿ ಕೊನೆಯವರೆಗೂ ಮುಚ್ಚಲಿಲ್ಲ. ಅದು ಬೆರಳಿನಿಂದಲೋ, ಸುಳ್ಳು ಹೇಳದೆ ಹನಿ ಹಾಕಿಕೊಂಡದ್ದರಿಂದಲೋ, ನಾನು ಹೇಳಲಾರೆ. ಕಡೆಯ ಬೇಸಿಗೆಯಲ್ಲೂ ಬಾಗಿಲ ಬೆಳಕಿಗೆ ಮೊರ ಹಿಡಿದು ಜ್ವಾಳ ಹಸನು ಮಾಡುತ್ತಿದ್ದಳು.

ನಾನೀಗ ಔಷಧ ಕಂಪನಿಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ ಮಾಡುತ್ತೇನೆ. ಹೊಸ ಔಷಧದ ಕಾಗದ ಮೇಜಿಗೆ ಬಂದಾಗ ಎಲ್ಲಕ್ಕಿಂತ ಮೊದಲು ಕೊನೆಯ ಸಾಲು ನೋಡುತ್ತೇನೆ, ಎಲ್ಲಿ ಇಡಬೇಕು ಅಂತ ಬರೆದಿರುವ ಸಾಲು. ಅದರಲ್ಲಿ ತಂಪಾದ ಜಾಗ ಅಂತಿದ್ದರೆ ಪೆನ್ನು ಎತ್ತಿ ಪಕ್ಕದಲ್ಲಿ ಒಂದು ಪ್ರಶ್ನೆ ಬರೆಯುತ್ತೇನೆ: ಕರೆಂಟು ಹೋದರೆ? ಜೊತೆಯವರು ನಗುತ್ತಾರೆ. ಮೊನ್ನೆ ಒಬ್ಬ ಹೊಸ ಹುಡುಗ, "ಸರ್, ಪ್ರತಿ ಸಲ ಇದೇ ಯಾಕೆ ಕೇಳ್ತೀರಿ?" ಅಂದ. ಯಾವ ಊರಪ್ಪ ನಿಂದು ಅಂದೆ. ಮಡಿಕೇರಿ ಅಂದ. ಒಂದು ಸಲ ಮೇ ತಿಂಗಳಲ್ಲಿ ನಮ್ಮೂರಿಗೆ ಬಾ ಅಂದಿದ್ದೇನೆ.